ತುಮಕೂರಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ

ನನ್ನ ಎಂ.ಟೆಕ್ ಪ್ರಾಜೆಕ್ಟ್ ಕೇಳೋಕೆ ಸುಲಭ. ತಾಮ್ರದ ಪೈಪಿನಲ್ಲಿ ಬಿಸಿನೀರು, ಅದರ ಸುತ್ತ ಇನ್ನೊಂದು ಪೈಪಿನಲ್ಲಿ ಎದುರು ದಿಕ್ಕಿಗೆ ತಣ್ಣೀರು. ಒಳಪೈಪಿಗೆ ತಿರುಚಿದ ತಗಡಿನ ಪಟ್ಟಿ ತೂರಿಸಿದರೆ ನೀರು ಸುರುಳಿ ಸುತ್ತುತ್ತಾ ಹರಿಯುತ್ತದೆ, ಶಾಖ ಜಾಸ್ತಿ ದಾಟುತ್ತದೆ. ಪಂಪೂ ಜಾಸ್ತಿ ತಿಣುಕುತ್ತದೆ. ಎರಡನ್ನೂ ಅಳೆಯಬೇಕು, ಅಷ್ಟೇ.

ಪಟ್ಟಿ ಹಾಕುವ ಮೊದಲು ಬರೀ ಪೈಪಿನ ಲೆಕ್ಕ ಸರಿಬರಬೇಕು. ಬಿಸಿನೀರು ಕಳೆದುಕೊಂಡದ್ದೂ ತಣ್ಣೀರು ಪಡೆದದ್ದೂ ಹೆಚ್ಚುಕಡಿಮೆ ಒಂದೇ ಇರಬೇಕು. ನನ್ನದು ಇರಲಿಲ್ಲ. ನಿಮಿಷಕ್ಕೆ 4 ಲೀಟರ್ ಬಿಸಿನೀರು 62.7 ಡಿಗ್ರಿಯಿಂದ 54ಕ್ಕೆ ಇಳಿಯುತ್ತಿತ್ತು: 2.4 ಕಿಲೋವ್ಯಾಟ್. 6 ಲೀಟರ್ ತಣ್ಣೀರು 28ರಿಂದ 32ಕ್ಕೆ ಏರುತ್ತಿತ್ತು: 1.7 ಕಿಲೋವ್ಯಾಟ್. ಒಂದು ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಶಾಖ ನಾಪತ್ತೆ!

ಬಕೆಟ್, ಸ್ಟಾಪ್‌ವಾಚ್ ಹಿಡಿದು, ನೀರಿನ ಹರಿವು ಅಳೆಯುವ ರೋಟಾಮೀಟರ್ ಪರೀಕ್ಷಿಸಿದೆ. ಸರಿ ಇತ್ತು. ಹಾಗಾದರೆ ಶಾಖ ಗಾಳಿಗೆ ಹೋಗುತ್ತಿದೆ ಅಂದುಕೊಂಡು ಹೊರಪೈಪಿಗೆ ಗ್ಲಾಸ್ ವೂಲ್ (ಶಾಖ ತಡೆಯುವ ಗಾಜಿನ ನಾರು) ಸುತ್ತಿದೆ. ಸಾಲದೆಂದು ಇನ್ನೊಂದು ಸುತ್ತು. ಲೆಕ್ಕ ಕದಲಲಿಲ್ಲ. ಮೂರು ವಾರ ಹೀಗೇ ಹೋಯಿತು.

ಲ್ಯಾಬಿನ ಅಟೆಂಡರ್ ಅಣ್ಣ ಒಂದು ಸಂಜೆ ಬೀಗ ಹಾಕಲು ಬಂದವರು, ಗ್ಲಾಸ್ ವೂಲ್ ಸರಿಸಿ ಪೈಪನ್ನು ಅಂಗೈಯಲ್ಲಿ ಹಿಡಿದರು. "ಪೈಪು ತಣ್ಣಗೇ ಐತಲ್ಲ ಸಾರ್. ಇದಕ್ಯಾಕೆ ಕಂಬಳಿ?"

ಮುಖಕ್ಕೆ ನೀರು ಎರಚಿದಂತಾಯಿತು. ಹೊರಗೆ ಹರಿಯುವುದು ತಣ್ಣೀರು, ರೂಮಿನಷ್ಟೇ ಬೆಚ್ಚಗೆ. ಅಲ್ಲಿಂದ ಶಾಖ ಸೋರುವ ಮಾತೆಲ್ಲಿ ಬಂತು? ಉಳಿದದ್ದು ಥರ್ಮೋಕಪಲ್, ಅಂದರೆ ನೀರಿನ ಉಷ್ಣತೆ ಅಳೆಯುವ ತಂತಿ.

ಬಿ.ಎಚ್. ರಸ್ತೆಯ ಜ್ಯೂಸ್ ಅಂಗಡಿಯಿಂದ ಐಸ್ ತಂದು, ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ ನಾಲ್ಕೂ ಥರ್ಮೋಕಪಲ್ ಅದ್ದಿದೆ. ಮೂರು ಸೊನ್ನೆಯ ಹತ್ತಿರ ನಿಂತವು. ಬಿಸಿನೀರು ಒಳಬರುವ ಕಡೆಯದು 2.7 ತೋರಿಸಿತು.

ತಪ್ಪು ನನ್ನದೇ. ಅದೊಂದನ್ನು ಹೊಸದಾಗಿ ಹಾಕಿದ್ದೆ. ಕುದಿಯುವ ನೀರಲ್ಲಿ ಅದ್ದಿದಾಗ 97.3 ಬಂದಿತ್ತು. ಇದು ಕಡಿಮೆ ತೋರಿಸ್ತಿದೆ ಅಂತ ಇಂಡಿಕೇಟರ್‌ನಲ್ಲಿ 2.7 ಕೂಡಿಸಿ 100 ಮಾಡಿದ್ದೆ. ಪಾಪ, ಅದು ನಿಜವನ್ನೇ ಹೇಳಿತ್ತು. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ನೀರು 97ರ ಆಸುಪಾಸಲ್ಲೇ ಕುದಿಯುತ್ತದೆ. ಎತ್ತರದ ಜಾಗದಲ್ಲಿ ಅನ್ನ ನಿಧಾನಕ್ಕೆ ಬೇಯುತ್ತದೆ ಅಂತ ಹೈಸ್ಕೂಲಲ್ಲೇ ಓದಿದ್ದೆ. ಅದು ಹಿಮಾಲಯದವರ ತಾಪತ್ರಯ ಅಂದುಕೊಂಡಿದ್ದೆ!

ಎಲ್ಲವಕ್ಕೂ 2.7 ಕೂಡಿಸಿದ್ದರೆ ಈ ಲೆಕ್ಕದಲ್ಲಿ ಗೊತ್ತೇ ಆಗುತ್ತಿರಲಿಲ್ಲ, ಯಾಕಂದ್ರೆ ಇಲ್ಲಿ ಬೇಕಾದದ್ದು ವ್ಯತ್ಯಾಸ. ಒಂದಕ್ಕೇ ಕೂಡಿಸಿದ್ದರಿಂದ 6 ಡಿಗ್ರಿ ಇಳಿತ 8.7 ಆಗಿತ್ತು. ಈಗ ಯಾವ ರನ್ ಶುರು ಮಾಡುವ ಮೊದಲೂ ಎಲ್ಲ ಥರ್ಮೋಕಪಲ್‌ಗಳನ್ನು ಒಂದೇ ಬಕೆಟ್ ನೀರಲ್ಲಿ ಒಟ್ಟಿಗೆ ಮುಳುಗಿಸುತ್ತೇನೆ. ಐದು ನಿಮಿಷದ ಕೆಲಸ.

ಆಮೇಲೆ ಎಲ್ಲ ಸಲೀಸು. ಹರಿವು ಎಷ್ಟು ಕದಡಿದೆ ಅಂತ ಹೇಳುವ ರೆನಾಲ್ಡ್ಸ್ ಸಂಖ್ಯೆ 10,000 ದಾಟಿದ್ದರಿಂದ, ಅಂಥ ಹರಿವಿಗೆ ಹೊಂದುವ 1930ರ ಡಿಟ್ಟಸ್-ಬೋಲ್ಟರ್ ಸೂತ್ರಕ್ಕೆ ಹೋಲಿಸಿದೆ. ನೀರಿನ ವೇಗ ಎರಡು ಪಟ್ಟಾದರೆ ಒಳಪೈಪಿನ ಶಾಖ ವರ್ಗಾವಣೆ ಗುಣಾಂಕ (ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವ ಅಳತೆ) ಸುಮಾರು 1.74 ಪಟ್ಟಾಗಬೇಕು. ನನ್ನ ಗ್ರಾಫಿನ ಗೆರೆ ಅದರ ಪಕ್ಕದಲ್ಲೇ ಬಂತು. ತಿರುಚಿದ ಪಟ್ಟಿ ಕೊನೆಗೂ ಪೈಪಿನೊಳಗೆ ಹೋಯಿತು.

ಗ್ಲಾಸ್ ವೂಲ್ ಬಿಚ್ಚಲು ಅರ್ಧ ದಿನ ಬೇಕಾಯಿತು. ಕೈ ತುರಿಕೆ ಮಾತ್ರ ಎರಡು ದಿನ ಬಿಡಲಿಲ್ಲ.