ಮುಲ್ತಾನಿ ಮಿಟ್ಟಿಯಲ್ಲಿ ಮಿಂದ ಸೆಂಚುರಿಯನ್

ವಿದೇಶಿ ಪಿಗ್ಮೆಂಟ್ (ನಯವಾದ ಬಣ್ಣದ ಪುಡಿ) ಬಾಟಲಿಗಳಿಲ್ಲದೆ ಟ್ಯಾಂಕ್ ಮಾದರಿಗೆ ನಂಬುವಂಥ ಕೆಸರು ಹಿಡಿಸಲಾಗದು ಎಂದು ಮಾದರಿ ಕಟ್ಟುವ ನಮ್ಮ ಬಳಗದವರು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಗ್ರಂಥಿಗೆ ಅಂಗಡಿಯ ಮುಲ್ತಾನಿ ಮಿಟ್ಟಿ, ಕಾವಿ ಮತ್ತು ಇದ್ದಿಲ ಪುಡಿಯಿಂದ ಮುಗಿಸಿದ 1/35 ಅಳತೆಯ ಸೆಂಚುರಿಯನ್ ಎಂಬ ಬ್ರಿಟಿಷ್ ಟ್ಯಾಂಕಿನ ಮಾದರಿ ಈಗ ನನ್ನ ಕಪಾಟಿನಲ್ಲಿದೆ. ಹಾಗೆ ವಾದಿಸಿದವರಲ್ಲೇ ಒಬ್ಬರು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಯಾವ ಕಂಪನಿಯ ಪಿಗ್ಮೆಂಟ್ ಎಂದು ವಿಚಾರಿಸಿದರು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

ನಾನು ಆರಿಸಿಕೊಂಡದ್ದು 1971ರ ಡಿಸೆಂಬರಿನ ಭಾರತ-ಪಾಕ್ ಯುದ್ಧದಲ್ಲಿ ಬಸಂತರ್ ನದಿ ದಾಟಿದ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರು ಕೊನೆಯವರೆಗೂ ಹೋರಾಡಿದ ‘ಫಾಮಗುಸ್ತಾ’ ಸಹ ಅದೇ ರೆಜಿಮೆಂಟಿನ ಸೆಂಚುರಿಯನ್; ಅದನ್ನು ಅಹಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) ಜೋಪಾನವಾಗಿ ಇರಿಸಲಾಗಿದೆ. ಆದರೆ ಪ್ರದರ್ಶನಕ್ಕಿಟ್ಟ ಟ್ಯಾಂಕ್‌ಗಳಿಗೆ ಹೊಸ ಬಣ್ಣ ಬಳಿದಿರುವುದರಿಂದ ಬಂದೂಕು, ಬೋಲ್ಟು, ಪೆಟ್ಟಿಗೆಗಳ ವಿವರ ಅಲ್ಲಿ ಸಿಗುತ್ತದೆಯೇ ಹೊರತು ಕೊಳೆಯ ವಿವರ ಸಿಗುವುದಿಲ್ಲ. ಕೆಸರು ಹೇಗೆ ಅಂಟುತ್ತದೆ, ಎಲ್ಲಿ ಉದುರುತ್ತದೆ, ಎಲ್ಲಿ ಲೋಹ ಸವೆದು ಹೊಳೆಯುತ್ತದೆ ಎಂಬುದನ್ನು ನಾನು ಕಲಿತದ್ದು ರಸ್ತೆ ಕಾಮಗಾರಿಯ ಜೆಸಿಬಿಗಳಿಂದ ಮತ್ತು ಚೈನಿನ ಮೇಲೆ ಓಡುವ ಅಗೆಯುವ ಯಂತ್ರಗಳಿಂದ.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಕ್ಕದ ಸ್ಕರ್ಟ್ ತಗಡುಗಳನ್ನು ಅಂಟಿಸದೆ ಬೇರೆಯಾಗಿಯೇ ಬಣ್ಣ ಬಳಿದೆ, ಏಕೆಂದರೆ ಸೆಂಚುರಿಯನ್‌ನ ಕೆಸರೆಲ್ಲ ಕೂರುವುದು ಅವುಗಳ ಹಿಂದೆಯೇ. ಮೂಲ ಹಸಿರನ್ನು ಬೇಕೆಂದೇ ಎರಡು ಛಾಯೆ ತಿಳಿಯಾಗಿ ಹೊಡೆದೆ. ಮೇಲಿನ ವಾಶ್, ಅಂದರೆ ತೀರ ತೆಳುವಾದ ಗಾಢ ಬಣ್ಣದ ಲೇಪ, ಅದನ್ನು ಹೇಗೂ ಕಪ್ಪಾಗಿಸುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ಲ್ಯಾಕರ್ ವಾರ್ನಿಷ್ ಹೊಡೆದಾಗ ಗಾಳಿಯ ತೇವಕ್ಕೆ ತೋಪು ಹೊತ್ತ ಗೋಪುರದ ಮೇಲೆಲ್ಲ ಬಿಳಿ ಮಂಜು ಕಟ್ಟಿತು. ಥಿನ್ನರನ್ನು ತೆಳುವಾಗಿ ಮತ್ತೆ ಹೊಡೆದು ಅದನ್ನು ಇಳಿಸಬೇಕಾಯಿತು.

ತುಕ್ಕಿನ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಕಠಿಣವಾಗಿಯೇ ಇದೆ. ದಿನವೂ ಓಡುವ ಟ್ಯಾಂಕಿನ ಮೈ ತುಂಬ ಕಿತ್ತಳೆ ತುಕ್ಕು ಬಳಿಯುವುದು ನಮ್ಮವರ ಚಾಳಿಯಾಗಿಬಿಟ್ಟಿದೆ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಚಿಪ್ಪಿಂಗ್ (ಬಣ್ಣ ಎದ್ದ ಗುರುತು) ಎಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್ ಬಣ್ಣ ಹಾರಿಹೋದಂತೆ. ಆದ್ದರಿಂದ ಚಾಲಕನ ಮುಚ್ಚಳದ ಅಂಚು ಮತ್ತು ಸಿಬ್ಬಂದಿ ಕಾಲಿಡುವ ಜಾಗಗಳಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳನ್ನು ಇಟ್ಟು ನಿಲ್ಲಿಸಿದೆ. ಟ್ರ್ಯಾಕಿನ, ಅಂದರೆ ಟ್ಯಾಂಕ್ ಓಡುವ ಉಕ್ಕಿನ ಚೈನಿನ, ನೆಲ ತಾಗುವ ಭಾಗಕ್ಕೆ 6ಬಿ ಪೆನ್ಸಿಲ್ಲಿನ ಸೀಸವನ್ನು ಉಜ್ಜಿದೆ.

ಇನ್ನು ಮಣ್ಣು. ಮೊದಲು ನಿಜವಾದ ಮಣ್ಣನ್ನೇ ಜರಡಿ ಹಿಡಿದು ಬಳಸಿದಾಗ ಅದು ಜಲ್ಲಿಯಂತೆ ಕಂಡಿತು. ಅರ್ಧ ಮಿಲಿಮೀಟರ್ ಮರಳಿನ ಕಣವೂ ಇಲ್ಲಿ ಹೆಚ್ಚುಕಡಿಮೆ 18 ಮಿಲಿಮೀಟರಿನ ಕಲ್ಲಾಗುತ್ತದೆ. ಸಾಲದ್ದಕ್ಕೆ ನಮ್ಮ ಕೆಮ್ಮಣ್ಣಿನ ಬಣ್ಣಕ್ಕೂ ರಾವಿಯ ಉಪನದಿಯಾದ ಬಸಂತರ್ ದಡದ ಬೂದು ಮಿಶ್ರಿತ ಮೆಕ್ಕಲು ಮಣ್ಣಿಗೂ ಸಂಬಂಧವೇ ಇಲ್ಲ. ಮುಲ್ತಾನಿ ಮಿಟ್ಟಿಯ ಬಣ್ಣ ಹತ್ತಿರ ಬಂತು, ಕಣವೂ ಬೇಕಾದಷ್ಟು ನಯವಾಗಿತ್ತು. ಆದರೆ ನೀರು ಮತ್ತು ಮರಗೆಲಸದ ಬಿಳಿ ಅಂಟಿನಲ್ಲಿ ಕಲಸಿದಾಗ ಅದು ಉಬ್ಬಿ, ಒಣಗುವಾಗ ಬಿರಿದು, ಹಲ್ಲೆ ಹಲ್ಲೆಯಾಗಿ ಕಳಚಿತು. ಉಳಿದದ್ದು ಅಂಟಿನ ಹೊಳಪಿನಿಂದ ಬೆಲ್ಲದ ಪಾಕ ಸುರಿದಂತೆ ಕಾಣುತ್ತಿತ್ತು. ಒಂದು ಪಕ್ಕದ ಗಾಲಿಗಳನ್ನು ಸಂಪೂರ್ಣ ತೊಳೆದು ಮತ್ತೆ ಆರಂಭಿಸಬೇಕಾಯಿತು.

ನೀರನ್ನು ಬಿಟ್ಟು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಬಂದ ಮೇಲೆ ಕೆಲಸ ಕೈಗೂಡಿತು. ಮಸ್ಲಿನ್ ಬಟ್ಟೆಯಲ್ಲಿ ಎರಡು ಸಲ ಸೋಸಿದ ಪುಡಿಗೆ ಚಿಟಿಕೆ ಕಾವಿಯನ್ನೂ ಅದಕ್ಕಿಂತ ಕಡಿಮೆ ಇದ್ದಿಲನ್ನೂ ಸೇರಿಸಿ, ಒಣ ಪುಡಿಯನ್ನೇ ಮೊದಲು ಉದುರಿಸಿ, ಆಮೇಲೆ ಕುಂಚದ ತುದಿಯಿಂದ ಆಲ್ಕೋಹಾಲನ್ನು ಪಕ್ಕದಲ್ಲಿ ತಾಗಿಸಿದರೆ ಅದು ತಾನಾಗಿಯೇ ಪುಡಿಯೊಳಗೆ ಹರಿಯುತ್ತದೆ. ಆ ಆಲ್ಕೋಹಾಲಿಗೆ ಮ್ಯಾಟ್ ಅಕ್ರಿಲಿಕ್ ಮೀಡಿಯಂ (ಹೊಳಪಿಲ್ಲದ, ಪುಡಿಯನ್ನು ಹಿಡಿದಿಡುವ ದ್ರವ) ಅನ್ನು ಕೆಲವೇ ಹನಿ ಬೆರೆಸಿರುತ್ತೇನೆ. ಎಷ್ಟು ಹನಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೆಳಗಿನ ಬಣ್ಣ ಆಲ್ಕೋಹಾಲಿಗೆ ಕರಗದಂತೆ ಲ್ಯಾಕರ್ ಪದರ ಮೊದಲೇ ಇರಬೇಕು, ಮತ್ತು ಪುಡಿ ಹಾಕಿದ ಮೇಲೆ ವಾರ್ನಿಷ್ ಹೊಡೆಯಲೇಬಾರದು, ಹೊಡೆದರೆ ಅರ್ಧ ಧೂಳು ಕಣ್ಣಿಗೆ ಕಾಣದಂತಾಗುತ್ತದೆ. ಹಳೆಯ ಒಣ ಕೆಸರು ತಿಳಿಯಾಗಿ, ಹೊಸ ಹಸಿ ಕೆಸರು ಗಾಢವಾಗಿ ಕಾಣಬೇಕು. ಗಾಢ ಭಾಗಕ್ಕೆ ಕ್ಯಾಮಲ್ ಆಯಿಲ್ ಪೇಂಟಿನ ಅಂಬರ್ ಛಾಯೆಯನ್ನು ರಟ್ಟಿನ ಮೇಲೆ ಹಿಂಡಿ, ಎಣ್ಣೆ ಇಂಗಿದ ಮೇಲೆ ತೆಳುವಾಗಿ ಬಿಟ್ಟೆ. ಸ್ಕರ್ಟಿನ ಕೆಳಅಂಚಿನ ಸಿಡಿತಗಳನ್ನು ಹೇಗೆ ಮಾಡಿದೆ ಎಂಬುದನ್ನೂ ಈಗ ಹೇಳುವುದಿಲ್ಲ.

ನಡುವೆ ತೆಂಗಿನ ನಾರಿನ ಪುಡಿಯನ್ನು ಕೆಸರಿಗೆ ಬೆರೆಸಿ ನೋಡಿದೆ. ಬೆಳೆಯ ಹೊಲದಲ್ಲಿ ಹಾದುಬಂದ ಟ್ರ್ಯಾಕಿಗೆ ಅದು ಚೆನ್ನಾಗಿಯೇ ಒಪ್ಪಿತು. ಚಹಾದ ಚರಟವನ್ನೂ ಪ್ರಯತ್ನಿಸಿದೆ, ವಾರದೊಳಗೆ ಬೂಷ್ಟು ಹಿಡಿಯಿತು. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದ ಗಾಯದ ಬ್ಯಾಂಡೇಜಿನ ಬಟ್ಟೆ ಮಾತ್ರ ಮರೆಮಾಚುವ ಬಲೆಯಾಗಿ ಗೋಪುರದ ಹಿಂದಿನ ಬುಟ್ಟಿಯಲ್ಲಿ ಕುಳಿತಿದೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಕಿಟ್ಟಿಗೆ ಸುಂಕವೂ ಸೇರಿ ಐದು ಸಾವಿರದ ಆಸುಪಾಸು ಆಯಿತು. ಬಾಟಲಿ ಪಿಗ್ಮೆಂಟಿನಲ್ಲೇ ಇದನ್ನು ಮಾಡಿದ್ದರೆ ನಾಲ್ಕೈದು ಛಾಯೆಗೆ ಎರಡು ಸಾವಿರ ದಾಟುತ್ತಿತ್ತು. ಮುಲ್ತಾನಿ ಮಿಟ್ಟಿಗೆ ನಲವತ್ತೋ ಐವತ್ತೋ ರೂಪಾಯಿ, ಕಾವಿಗೆ ಅದಕ್ಕಿಂತ ಕಡಿಮೆ, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಆಲ್ಕೋಹಾಲಿಗೆ ಇನ್ನೂರು ಚಿಲ್ಲರೆ. ಮುಖಕ್ಕೆ ಹಚ್ಚುವ, ಗುಲಾಬಿ ಪರಿಮಳ ಬೆರೆಸಿದ ಪೊಟ್ಟಣವನ್ನು ಮಾತ್ರ ಕೊಳ್ಳಬೇಡಿ. ಬೇರೇನೂ ಬೆರೆಸದ ಗಟ್ಟಿಯನ್ನೇ ತಂದು ಮನೆಯಲ್ಲಿ ಕುಟ್ಟಿಕೊಳ್ಳಿ.