ನೀರು ನೋಡಿ ಜಾಗ ಮಾಡಿ: ಬಚ್ಚಲುಮನೆಯ ಸಾಮಾನು ಜೋಡಿಸುವ ಕ್ರಮ

ಬಚ್ಚಲುಮನೆ ಇಕ್ಕಟ್ಟಾಗಿದೆ ಎನಿಸಿದ ಕೂಡಲೇ ಇನ್ನೊಂದು ಶೆಲ್ಫ್ ಹಾಕಿಸಲು ಎಲ್ಲಿ ಜಾಗವಿದೆ ಎಂದು ನಾವು ಗೋಡೆಗಳನ್ನು ನೋಡತೊಡಗುತ್ತೇವೆ. ಆದರೆ ಈ ಕೋಣೆಯ ತೊಂದರೆ ಬರೀ ಜಾಗದ್ದಲ್ಲ. ಮಲಗುವ ಕೋಣೆಯಲ್ಲಿ ಒಂದು ವಸ್ತುವನ್ನು ತಪ್ಪು ಕಡೆ ಇಟ್ಟರೆ ಹುಡುಕಲು ತುಸು ಹೊತ್ತು ಬೇಕಾಗಬಹುದು, ಅಷ್ಟೇ. ಬಚ್ಚಲುಮನೆಯಲ್ಲಿ ತಪ್ಪು ಕಡೆ ಇಟ್ಟ ವಸ್ತು ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಲೋಳೆಗಟ್ಟುತ್ತದೆ, ಇಲ್ಲವೇ ಬೂಷ್ಟು ಹಿಡಿದು ಹಾಳಾಗುತ್ತದೆ. ಹೀಗಾಗಿ ಯಾವ ವಸ್ತು ಎಲ್ಲಿರಬೇಕೆಂಬುದನ್ನು ಅದರ ಗಾತ್ರಕ್ಕಿಂತ ಮೊದಲು ನೀರು ನಿರ್ಧರಿಸಬೇಕು. ನನ್ನ ಮನೆಯಲ್ಲಿ ಎರಡು ಕಪಾಟುಗಳು ಹಾಳಾದ ಮೇಲೆ ನಾನು ಕಲಿತದ್ದು ಇದನ್ನೇ.

ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ

ಬಿಡುವಿನ ದಿನವೊಂದನ್ನು ಆರಿಸಿಕೊಂಡು ಬಚ್ಚಲುಮನೆಯ ಸಾಮಾನನ್ನೆಲ್ಲ ಹೊರಗೆ ತಂದು, ಹಳೆಯ ಬಟ್ಟೆಯೊಂದನ್ನು ಹಾಸಿ ಅದರ ಮೇಲೆ ಹರಡಿ. ಅರ್ಧ ಖಾಲಿಯಾದ ಮೂರು ಶಾಂಪೂ ಬಾಟಲಿಗಳು, ಯಾವುದೋ ಪ್ರವಾಸದಿಂದ ಬಂದ ಪುಟ್ಟ ಸೋಪುಗಳು, ಯಾರದೆಂದು ಯಾರಿಗೂ ನೆನಪಿಲ್ಲದ ಬಾಚಣಿಗೆ, ಇವೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಎಷ್ಟು ಜಾಗ ಸುಮ್ಮನೆ ಹೋಗುತ್ತಿತ್ತು ಎಂಬುದು ಅರಿವಾಗುತ್ತದೆ. ಕ್ರೀಮು, ಲೋಷನ್‌ಗಳ ಡಬ್ಬಿಯ ಮೇಲೆ ಮುಚ್ಚಳ ತೆರೆದ ಭರಣಿಯ ಪುಟ್ಟ ಚಿತ್ರವೂ ಅದರೊಳಗೆ ‘6ಎಂ’ ಅಥವಾ ‘12ಎಂ’ ಎಂಬ ಬರಹವೂ ಇರುವುದುಂಟು. ಡಬ್ಬಿ ತೆರೆದ ಮೇಲೆ ಅಷ್ಟು ತಿಂಗಳೊಳಗೆ ಬಳಸಿ ಮುಗಿಸಬೇಕೆಂದು ಅದರ ಅರ್ಥ. ತೆರೆದ ದಿನವನ್ನು ಡಬ್ಬಿಯ ತಳದಲ್ಲಿ ಅಳಿಯದ ಪೆನ್ನಿನಿಂದ ಬರೆದಿಡುವ ಅಭ್ಯಾಸ ಮಾಡಿಕೊಂಡರೆ ಮುಂದಿನ ಸಲ ಊಹೆ ಮಾಡಬೇಕಾಗುವುದಿಲ್ಲ.

ಕೋಣೆ ಖಾಲಿಯಿರುವಾಗಲೇ ಇನ್ನೊಂದು ಕೆಲಸ ಮಾಡಿ. ಮನೆಯವರೆಲ್ಲರ ಸ್ನಾನ ಮುಗಿದ ಕೂಡಲೇ ಒಳಗೆ ಹೋಗಿ ನಿಂತು ಗೋಡೆಗಳನ್ನು ನೋಡಿ. ನೀರಿನ ಹನಿಗಳು ಎಲ್ಲಿಯವರೆಗೆ ಸಿಡಿದಿವೆ, ಹಬೆ ಎಲ್ಲಿ ಮಂಜಿನಂತೆ ಕೂತಿದೆ, ಯಾವ ಭಾಗ ಕೈಯಿಟ್ಟರೆ ಒಣಗಿಯೇ ಇದೆ ಎಂಬುದನ್ನು ಗಮನಿಸಿ ಅಂಟುಪಟ್ಟಿಯಿಂದ ಗುರುತು ಹಾಕಿ. ಷವರ್ ಮತ್ತು ಬಕೆಟ್‌ನ ಸುತ್ತ ಒದ್ದೆಯ ಜಾಗ, ವಾಶ್‌ಬೇಸಿನ್ ಮತ್ತು ಮೇಲಿನ ಗೋಡೆಗಳ ಕಡೆ ತೇವದ ಜಾಗ, ಬಾಗಿಲ ಹಿಂಭಾಗ ಅಥವಾ ಕಿಟಕಿಯ ಪಕ್ಕದಂತಹ ಕಡೆ ಒಣ ಜಾಗ ಸಿಗುವುದು ಸಾಮಾನ್ಯ. ಆದರೂ ಪ್ರತಿ ಮನೆಯಲ್ಲಿ ಗಾಳಿ ಆಡುವ ರೀತಿ ಬೇರೆಯಾದ್ದರಿಂದ ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು. ಹೊರಗೆ ಹರಡಿದ ಸಾಮಾನನ್ನು ಈಗ ಈ ಮೂರು ಜಾಗಗಳಿಗೆ ತಕ್ಕಂತೆ ಮೂರು ಗುಂಪು ಮಾಡಿ. ಯಾವ ಗುಂಪಿಗೂ ಸೇರದೆ ಉಳಿದದ್ದು ಬಚ್ಚಲುಮನೆಗೆ ಮರಳಬೇಕಾಗಿಲ್ಲ.

ಹಾಗೆ ಮರಳಬಾರದ ವಸ್ತುಗಳಲ್ಲಿ ಮೊದಲನೆಯದು ಔಷಧಿ. ಬೇಸಿನ್ ಮೇಲಿನ ಕನ್ನಡಿಯ ಕಪಾಟಿನಲ್ಲಿ ಮಾತ್ರೆಗಳನ್ನು ಇಡುವ ರೂಢಿ ಎಷ್ಟೋ ಮನೆಗಳಲ್ಲಿದೆ, ಆದರೆ ಮಾತ್ರೆಗಳಿಗೆ ಅದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಸಿಗುವುದು ಕಷ್ಟ. ಬಹುತೇಕ ಮಾತ್ರೆಗಳನ್ನು 25 ಅಥವಾ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿ, ತೇವವಿಲ್ಲದ ಕಡೆ ಇಡಬೇಕೆಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ದಿನಕ್ಕೆ ಹಲವು ಸಲ ಬಿಸಿಯೂ ತೇವವೂ ಏರಿಳಿಯುವ ಕೋಣೆಯಲ್ಲಿ ಅವು ಗೊತ್ತಾಗದಂತೆ ಸತ್ವ ಕಳೆದುಕೊಳ್ಳಬಹುದು. ಔಷಧಿಯನ್ನು ಮಲಗುವ ಕೋಣೆಯ ಬೀರುವಿನಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಿ. ಬಿಡಿ ಬ್ಲೇಡುಗಳು, ಬ್ಯಾಟರಿಗಳು, ಹೇರ್ ಡ್ರೈಯರ್, ಬೆಳ್ಳಿಯ ಒಡವೆಗಳೂ ಹೊರಗೇ ಇರಲಿ. ಹತ್ತಿ, ಸ್ಯಾನಿಟರಿ ಪ್ಯಾಡ್, ಟಾಯ್ಲೆಟ್ ಪೇಪರ್ ಒಳಗೆ ಬೇಕೇ ಬೇಕು ಎನ್ನುವುದಾದರೆ ಒಂದು ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಣ ಜಾಗದಲ್ಲಿಡಿ.

ಒದ್ದೆಯ ಜಾಗ

ಇಲ್ಲಿರಬೇಕಾದದ್ದು ಸ್ನಾನ ಮಾಡುವಾಗಲೇ ಕೈಗೆ ಬೇಕಾಗುವ ಸೋಪು, ಶಾಂಪೂ, ಮೈ ಉಜ್ಜುವ ಬ್ರಷ್ಷು ಮಾತ್ರ. ನೀರು ತಾಗದಂತೆ ಇವನ್ನು ಕಾಪಾಡಲು ಸಾಧ್ಯವಿಲ್ಲ. ತಾಗಿದ ನೀರು ನಿಲ್ಲದೆ ಇಳಿದುಹೋಗುವಂತೆ ಮಾಡಬಹುದು. ಆದ್ದರಿಂದ ಶೆಲ್ಫ್ ಕೊಳ್ಳುವಾಗ ಅದರ ಅಂದಕ್ಕಿಂತ ಮೊದಲು ತಳ ನೋಡಿ. ತಂತಿಯ ಜಾಲರಿಯೋ ಸೀಳುಗಳೋ ಇದ್ದರೆ ಸರಿ, ಗಟ್ಟಿ ತಳದ ತಟ್ಟೆಯಾದರೆ ಬಾಟಲಿಯ ಅಡಿಯಲ್ಲಿ ಮೂರೇ ದಿನದಲ್ಲಿ ಲೋಳೆ ಕೂರುತ್ತದೆ. ಸೋಪಿನ ತಟ್ಟೆಗೂ ಇದೇ ಮಾತು. ಏಣುಗಳಿರುವ, ಒಂದು ಬದಿಗೆ ಇಳಿಜಾರಾದ ತಟ್ಟೆಯಲ್ಲಿ ಸೋಪು ಕರಗದೆ ಹೆಚ್ಚು ದಿನ ಬರುತ್ತದೆ. ಮೈ ಉಜ್ಜುವ ಬ್ರಷ್ಷು, ನಾರುಗಳನ್ನು ಶೆಲ್ಫಿನ ಮೇಲೆ ಮಲಗಿಸದೆ ಕೊಕ್ಕೆಗೆ ತೂಗುಹಾಕಿ.

ಲೋಹದ ಆಯ್ಕೆಯಲ್ಲಿ ಚೌಕಾಸಿ ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ರೋಮ್ ಲೇಪನದ ಕಬ್ಬಿಣ ಹೊಸದರಲ್ಲಿ ಸ್ಟೀಲಿನಂತೆಯೇ ಹೊಳೆಯುತ್ತದೆ, ಆದರೆ ತಂತಿಗಳು ಕೂಡುವ ಬೆಸುಗೆಯ ಕಡೆ ಲೇಪನ ಬಿಟ್ಟೊಡನೆ ತುಕ್ಕು ಶುರುವಾಗಿ, ಟೈಲ್ಸಿನ ಮೇಲೆ ಕೆಂಪು ಗೆರೆಗಳು ಇಳಿಯುತ್ತವೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಧಾರಣ ಮನೆಗೆ ಸಾಕು. ಕಡಲ ಹತ್ತಿರದ ಉಪ್ಪುಗಾಳಿಗೆ ಮಾಲಿಬ್ಡಿನಮ್ ಸೇರಿಸಿದ 316 ದರ್ಜೆ ಹೆಚ್ಚು ತಾಳಿಕೊಳ್ಳುತ್ತದೆ.

ಹೊಸದಾಗಿ ಬಚ್ಚಲುಮನೆ ಕಟ್ಟಿಸುತ್ತಿರುವವರಿಗೆ ಅಥವಾ ಹಳೆಯ ಟೈಲ್ಸ್ ತೆಗೆಸುತ್ತಿರುವವರಿಗೆ ಗೋಡೆಯೊಳಗಿನ ಗೂಡಿನಷ್ಟು ಒಳ್ಳೆಯ ವ್ಯವಸ್ಥೆ ಬೇರೆ ಇಲ್ಲ. ಹೊರಕ್ಕೆ ಚಾಚಿಕೊಳ್ಳದೆ ಇರುವುದರಿಂದ ಮೊಣಕೈಗೆ ತಗಲುವುದಿಲ್ಲ, ಕಳಚಿ ಬೀಳುವ ಭಯವೂ ಇಲ್ಲ. 9ರಿಂದ 10 ಸೆಂಟಿಮೀಟರ್ ಆಳವಿದ್ದರೆ ಸಾಮಾನ್ಯ ಬಾಟಲಿಗಳು ನಿಲ್ಲುತ್ತವೆ. ಎತ್ತರವನ್ನು ಮಾತ್ರ ಮನೆಯಲ್ಲಿರುವ ಅತಿ ಉದ್ದದ ಬಾಟಲಿಯನ್ನು ಅಳೆದು, ಪಂಪ್ ಒತ್ತಲು ಕೈಗೆ ಬೇಕಾದ ಜಾಗವನ್ನೂ ಸೇರಿಸಿ ನಿಗದಿಪಡಿಸಿ. ಗೂಡಿನ ಒಳಮೈಗೆ ಟೈಲ್ಸ್ ಅಂಟಿಸುವ ಮುನ್ನ ಮೂಲೆಮೂಲೆಗೂ ಜಲನಿರೋಧಕ ಲೇಪನ ಆಗಿದೆಯೇ ಎಂಬುದನ್ನು ನೀವೇ ನಿಂತು ನೋಡಬೇಕು, ಏಕೆಂದರೆ ಆಮೇಲೆ ನೋಡುವ ದಾರಿಯಿಲ್ಲ. ತಳಕ್ಕೆ ತುಂಡು ಟೈಲ್ಸ್‌ಗಳ ಬದಲು ಒಂದೇ ಕಲ್ಲಿನ ಹಾಸು ಹಾಕಿಸಿ, ಅದು ಹೊರಕ್ಕೆ ತುಸುವೇ ಇಳಿಜಾರಾಗಿರಲಿ. ಈ ಇಳಿಜಾರನ್ನು ಮರೆತ ಗೂಡುಗಳಲ್ಲಿ ನೀರು ಹಿಂದಿನ ಅಂಚಿನಲ್ಲಿ ನಿಂತು ಕಪ್ಪುಗಟ್ಟಿರುವುದನ್ನು ನಾನು ಅನೇಕ ಮನೆಗಳಲ್ಲಿ ನೋಡಿದ್ದೇನೆ. ಭಾರ ಹೊರುವ ಗೋಡೆಯನ್ನು ಎಂಜಿನಿಯರ್ ಒಪ್ಪಿಗೆಯಿಲ್ಲದೆ ಕೊರೆಯಿಸಬಾರದು.

ಕೊರೆಯಬೇಕೇ, ಅಂಟಿಸಬೇಕೇ?

ಗೂಡು ಸಾಧ್ಯವಿಲ್ಲದ ಮನೆಯಲ್ಲಿ ಉಳಿಯುವ ಪ್ರಶ್ನೆ ಇದು. ಒಂದು ಲೀಟರಿನ ತುಂಬಿದ ಬಾಟಲಿ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ, ಅಂತಹ ನಾಲ್ಕು ಬಾಟಲಿಗಳ ಜೊತೆ ಶೆಲ್ಫಿನ ತೂಕವನ್ನೂ ಕೂಡಿದರೆ ಐದು ಕಿಲೋ ಆಗುತ್ತದೆ. ಬಾಟಲಿಯನ್ನು ಎಳೆದು ತೆಗೆಯುವಾಗ, ಪಂಪ್ ಒತ್ತುವಾಗ ಬೀಳುವ ಒತ್ತಡ ಇದರ ಮೇಲೆ. ಆದ್ದರಿಂದ ಅಂಟಿನ ಕೊಕ್ಕೆಗಳ ಮೇಲೆ ಬರೆದಿರುವ ತೂಕದ ಅರ್ಧದಷ್ಟನ್ನೇ ನಂಬುವುದು ಲೇಸು. ನಯವಾದ ಟೈಲ್ಸ್ ಅಥವಾ ಗಾಜಿನ ಮೇಲೆ ಮಾತ್ರ ಅಂಟು ಚೆನ್ನಾಗಿ ಹಿಡಿಯುತ್ತದೆ. ಒರಟು ಮೇಲ್ಮೈಗೆ, ಸುಣ್ಣಬಣ್ಣದ ಗೋಡೆಗೆ ಅದು ಆಗದು. ಅಂಟಿಸುವ ಮೊದಲು ಸೋಪಿನ ಜಿಡ್ಡನ್ನು ತೊಳೆದು, ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಅಂಟಿಸಿದ ಮೇಲೆ 24 ಗಂಟೆ ಏನನ್ನೂ ತೂಗುಹಾಕದೆ, ನೀರನ್ನೂ ತಾಗಿಸದೆ ಬಿಡಬೇಕು. ಅಂಟು ಕಿತ್ತುಬಂತು ಎಂದು ಬೇಸರಿಸುವ ಬಹಳ ಮಂದಿ ಬಿಟ್ಟಿರುವುದು ಈ ಒಂದು ದಿನದ ಕಾಯುವಿಕೆಯನ್ನೇ.

ತೂಕದ ಸಾಮಾನಿಗೆ ಸ್ಕ್ರೂ ಹಾಕಿಯೇ ಶೆಲ್ಫ್ ನಿಲ್ಲಿಸಬೇಕು. ನಲ್ಲಿ, ಷವರ್, ಗೀಸರುಗಳ ನೇರ ಮೇಲೆ, ಕೆಳಗೆ ಹಾಗೂ ಅಕ್ಕಪಕ್ಕದಲ್ಲಿ ಪೈಪು ಹಾದಿರುವ ಸಂಭವ ಹೆಚ್ಚು. ಸ್ವಿಚ್ಚುಗಳ ಸಾಲಿನಲ್ಲಿ ವಿದ್ಯುತ್ ತಂತಿ ಇರುತ್ತದೆ. ಆ ಸಾಲುಗಳನ್ನು ಬಿಟ್ಟು ಜಾಗ ಗುರುತಿಸಿ, ಡ್ರಿಲ್ಲಿನ ಮೊನೆ ಜಾರದಂತೆ ಕಾಗದದ ಅಂಟುಪಟ್ಟಿ ಅಂಟಿಸಿ, ಟೈಲ್ಸ್ ಕೊರೆಯುವ ಬಿಟ್ ಬಳಸಿ, ನಿಧಾನ ವೇಗದಲ್ಲಿ ಶುರುಮಾಡಿ. ಮೊನೆ ಟೈಲ್ಸ್ ದಾಟುವ ಮೊದಲೇ ಹ್ಯಾಮರ್ ಮೋಡ್ (ಬಡಿಯುತ್ತಾ ಕೊರೆಯುವ ವಿಧಾನ) ಬಳಸಿದರೆ ಟೈಲ್ ಬಿರುಕು ಬಿಡುತ್ತದೆ. ಅಂಚಿಗೆ ತೀರಾ ಹತ್ತಿರವೂ ಕೊರೆಯಬೇಡಿ. ಪ್ಲಾಸ್ಟಿಕ್ ಪ್ಲಗ್ ತೂರಿಸುವ ಮುನ್ನ ರಂಧ್ರದೊಳಗೆ ಸ್ವಲ್ಪ ಸಿಲಿಕೋನ್ ಸೀಲಂಟ್ ತುಂಬಿದರೆ ಸ್ಕ್ರೂವಿನ ದಾರಿಯಲ್ಲಿ ನೀರು ಗೋಡೆಯೊಳಗೆ ಇಳಿಯುವುದಿಲ್ಲ.

ಟವೆಲ್ಲುಗಳು

ಕೊಕ್ಕೆ ಜಾಗ ಉಳಿಸುತ್ತದೆ ನಿಜ, ಆದರೆ ಕೊಕ್ಕೆಗೆ ಸಿಕ್ಕಿಸಿದ ದಪ್ಪ ಟವೆಲ್ ಮಡಿಕೆಗಳೊಳಗೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಒದ್ದೆಯಾದದ್ದು ಒಂದೆರಡು ದಿನ ಹಾಗೆಯೇ ಉಳಿದರೆ ಬೂಷ್ಟಿಗೆ ಅಷ್ಟೇ ಸಾಕು. ಗೋಡೆಯಿಂದ ನಾಲ್ಕು ಬೆರಳು ದೂರವಿರುವ, 60 ಸೆಂಟಿಮೀಟರ್ ಉದ್ದದ ಸರಳಿನ ಮೇಲೆ ಟವೆಲ್ಲನ್ನು ಒಂದೇ ಮಡಿಕೆಯಲ್ಲಿ ಹರಡಿದರೆ ಎರಡೂ ಬದಿಗೆ ಗಾಳಿ ತಾಗುತ್ತದೆ. ಮನೆಯಲ್ಲಿ ಜನ ಹೆಚ್ಚಿದ್ದರೆ ಬಾಗಿಲ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಸರಳು ಹಾಕಿ. ತೊಳೆದು ಮಡಿಸಿದ ಟವೆಲ್ಲುಗಳ ದಾಸ್ತಾನನ್ನು ಇಲ್ಲಿಡಬೇಡಿ.

ಟವೆಲ್ ಸರಳಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಜಾರುವಾಗ ಹಿರಿಯರ ಕೈ ಮೊದಲು ಹೋಗುವುದು ಹತ್ತಿರವಿರುವ ಸರಳಿಗೇ, ಆದರೆ ಟವೆಲ್ ಸರಳು ಮನುಷ್ಯನ ಭಾರ ತಾಳುವುದಿಲ್ಲ. ಹಿಡಿದವರ ಜೊತೆಗೇ ಕಿತ್ತು ಬರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಕಮೋಡ್ ಮತ್ತು ಷವರ್ ಪಕ್ಕದಲ್ಲಿ, ಭಾರ ತಾಳುವಂತೆ ಗೋಡೆಗೆ ಬಿಗಿದ ಹಿಡಿಕೆಗೆ ಮೊದಲು ಜಾಗ ಕೊಟ್ಟು, ಟವೆಲ್ಲಿಗೆ ಉಳಿದ ಜಾಗ ಹುಡುಕಬೇಕು. ಅವರ ಸೋಪು, ಶಾಂಪೂ ಬಗ್ಗದೆ, ಕೈ ಮೇಲೆತ್ತದೆ ಸಿಗುವ ಎತ್ತರದಲ್ಲಿರಲಿ, ನಡೆಯುವ ದಾರಿಯ ನೆಲದ ಮೇಲೆ ಬಕೆಟ್, ಸ್ಟೂಲು ಏನೂ ಇಲ್ಲದಿರಲಿ.

ಬೇಸಿನ್ ಸುತ್ತ, ಬೇಸಿನ್ ಕೆಳಗೆ

ಹಲ್ಲುಜ್ಜುವ ಬ್ರಷ್ಷುಗಳು ನೆಟ್ಟಗೆ, ಒಂದಕ್ಕೊಂದು ತಾಗದಂತೆ, ಗಾಳಿಯಲ್ಲಿ ಒಣಗುವಂತಿರಬೇಕು. ಒದ್ದೆ ಬ್ರಷ್ಷನ್ನು ಮುಚ್ಚಿಡುವುದು ಸೂಕ್ಷ್ಮಜೀವಿಗಳಿಗೆ ಅನುಕೂಲ. ಕಮೋಡ್‌ನಿಂದ ಆದಷ್ಟು ದೂರವಿರಿಸಿ, ಫ್ಲಶ್ ಮಾಡುವಾಗ ಅದರ ಮುಚ್ಚಳ ಹಾಕಿ. ಬೇಸಿನ್ ಮೇಲಿನ ಶೆಲ್ಫ್ 10ರಿಂದ 12 ಸೆಂಟಿಮೀಟರಿಗಿಂತ ಆಳವಿದ್ದರೆ ಮುಖ ತೊಳೆಯಲು ಬಗ್ಗಿದಾಗ ತಲೆಗೆ ತಾಗುತ್ತದೆ.

ಬೇಸಿನ್ ಕೆಳಗಿನ ಕಪಾಟು ನೋಡಲು ದೊಡ್ಡದು, ಆದರೆ ನಡುವೆ ಬಾಗಿದ ಪೈಪಿನ ಟ್ರ್ಯಾಪ್ ಇರುತ್ತದೆ. ಅದನ್ನು ಬಳಸಿ ಹೋಗುವಂತೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಬುಟ್ಟಿ ಇಟ್ಟು, ಟ್ರ್ಯಾಪಿನ ನೇರ ಕೆಳಗೆ ಅಂಚಿರುವ ಒಂದು ತಟ್ಟೆಯನ್ನು ಖಾಲಿಯಾಗಿಯೇ ಬಿಡಿ. ಹಾಳಾದ ನನ್ನ ಎರಡು ಕಪಾಟುಗಳಲ್ಲಿ ಒಂದು ಇಲ್ಲಿಯದೇ: ಟ್ರ್ಯಾಪಿನಿಂದ ಹನಿಹನಿಯಾಗಿ ಒಸರುತ್ತಿದ್ದ ನೀರು ತಿಂಗಳುಗಟ್ಟಲೆ ಸಾಮಾನಿನ ಹಿಂದೆ ಕಾಣದೆ ಹರಿದು, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಉಬ್ಬಿ ಪುಡಿಯಾಗಿತ್ತು. ಆ ಜಾಗಕ್ಕೆ ಪಿವಿಸಿ ಹಲಗೆ ಅಥವಾ ಅಂಚುಗಳನ್ನು ಚೆನ್ನಾಗಿ ಮುಚ್ಚಿದ ಮೆರೈನ್ ಪ್ಲೈವುಡ್ ಸರಿ, ಕಪಾಟು ನೆಲಕ್ಕೆ ತಾಗದೆ ಗೇಣುದ್ದ ಮೇಲಿದ್ದರೆ ಇನ್ನೂ ಒಳ್ಳೆಯದು.

ಶುಚಿಗೊಳಿಸುವ ರಾಸಾಯನಿಕಗಳು ಸಾಮಾನ್ಯವಾಗಿ ಸೇರುವುದು ಇಲ್ಲೇ. ಬ್ಲೀಚ್ ಮತ್ತು ಆಮ್ಲವುಳ್ಳ ಟಾಯ್ಲೆಟ್ ಕ್ಲೀನರ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅಮೋನಿಯಾ ಇರುವ ದ್ರಾವಣವೂ ಬ್ಲೀಚಿನ ಜೊತೆ ಅಪಾಯಕಾರಿಯೇ. ಇವನ್ನು ಬೇರೆ ಬೇರೆ ಬುಟ್ಟಿಗಳಲ್ಲಿ, ಮೂಲ ಬಾಟಲಿಯಲ್ಲಿಯೇ, ನೆಟ್ಟಗೆ ನಿಲ್ಲಿಸಿ. ಕುಡಿಯುವ ನೀರಿನ ಹಳೆಯ ಬಾಟಲಿಗೆ ಎಂದಿಗೂ ಸುರಿದಿಡಬೇಡಿ. ಚಿಕ್ಕ ಮಕ್ಕಳಿದ್ದರೆ ಇವೆಲ್ಲ ಕೆಳಗಿನ ಕಪಾಟಿನಿಂದ ಬೀಗವಿರುವ ಎತ್ತರದ ಕಪಾಟಿಗೆ ಹೋಗಬೇಕು.

ಫ್ಲಶ್ ಟ್ಯಾಂಕಿನ ಮೇಲೆ ಶೆಲ್ಫ್ ಹಾಕುವವರು ಟ್ಯಾಂಕಿನ ಮುಚ್ಚಳ ಎತ್ತಿ ತೆಗೆಯುವಷ್ಟು ಎಡೆ ಬಿಡಬೇಕು, ಗೀಸರಿನ ಸುತ್ತಲೂ ರಿಪೇರಿಗೆ ಬೇಕಾದ ಜಾಗ ಬಿಡಬೇಕು. ಗಾಳಿಕಿಂಡಿಗೆ ಏನನ್ನೂ ಅಡ್ಡ ಇಡಬಾರದು. ಸ್ನಾನದ ನಂತರ ಎಕ್ಸಾಸ್ಟ್ ಫ್ಯಾನ್ ಇಪ್ಪತ್ತು ನಿಮಿಷ ಓಡಿದರೆ ತೇವದ ಜಾಗ ಒಣ ಜಾಗವಾಗಿ, ಬಳಸಬಹುದಾದ ಗೋಡೆ ಹೆಚ್ಚುತ್ತದೆ.

ಜೋಡಿಸಿದ ಮೇಲೆ ವಾರಕ್ಕೊಮ್ಮೆ ಒದ್ದೆಯ ಜಾಗದ ಬಾಟಲಿಗಳನ್ನು ಎತ್ತಿ ತಳ ಒರೆಸಿ, ಬಕೆಟ್‌ಗಳನ್ನು ಬೋರಲು ಹಾಕಿ ಒಣಗಿಸಿ. ತಿಂಗಳಿಗೊಮ್ಮೆ ಬೇಸಿನ್ ಕೆಳಗಿನ ಖಾಲಿ ತಟ್ಟೆಯನ್ನು ಹೊರಗೆಳೆದು ಬೆರಳಾಡಿಸಿ ನೋಡಿ. ಪಸೆ ತಾಗಿದರೆ ಟ್ರ್ಯಾಪಿನ ಬಿಗಿಯುಂಗುರವನ್ನು ಕೈಯಿಂದ ತುಸು ತಿರುಗಿಸಿ ಬಿಗಿಮಾಡಿ. ಮರುದಿನವೂ ಪಸೆಯಿದ್ದರೆ ಒಳಗಿನ ವಾಷರ್ ಬದಲಿಸುವ ಕಾಲ ಬಂದಿದೆ.