45 ಜಿಬಿ ಇಮೇಜ್, 40 ಕಂಪ್ಯೂಟರ್, ಲ್ಯಾಬಿಗೊಂದು ಸ್ವಂತ ಟ್ರ್ಯಾಕರ್: ನನ್ನ ಅನುಭವ

ಮೈಸೂರು, ಮಂಡ್ಯ, ಮದ್ದೂರಿನ ಮೂರು ಲ್ಯಾಬುಗಳಿಗೆ ಲಿನಕ್ಸ್ ಇಮೇಜನ್ನು (ಇಡೀ ಸಿಸ್ಟಮ್ಮಿನ ಒಂದೇ ಫೈಲಿನ ನಕಲು) ಟೊರೆಂಟಿನಲ್ಲಿ (ಕಂಪ್ಯೂಟರುಗಳು ಫೈಲಿನ ತುಂಡುಗಳನ್ನು ಪರಸ್ಪರ ಕೊಟ್ಟುಕೊಳ್ಳುವ ವಿಧಾನ) ಹಂಚೋಣ ಎಂದಾಗ, "ಅದು ಸಿನಿಮಾ ಕದಿಯೋರ ಕೆಲಸ ಸಾರ್, ಲ್ಯಾಬಿಗೆ ಆಗಿಬರಲ್ಲ" ಎಂದವರೇ ಜಾಸ್ತಿ. ಈಗ ಅವರೇ ಕಾನ್ಫಿಗ್ ಫೈಲ್ ಕೇಳುತ್ತಿದ್ದಾರೆ.

ಮೊದಲು ಲೆಕ್ಕ. 45 ಜಿಬಿ ಇಮೇಜ್, ಲ್ಯಾಬಿಗೆ 40 ಕಂಪ್ಯೂಟರ್, ಒಟ್ಟು 1,800 ಜಿಬಿ. ಸಾಂಬಾ ಶೇರಿನಿಂದ (ಒಂದೇ ಸರ್ವರಿನ ಹಂಚಿಕೆ ಫೋಲ್ಡರ್) ಎಳೆದರೆ ಗಿಗಾಬಿಟ್ ಸ್ವಿಚ್ಚಿನಲ್ಲೂ ನಾಲ್ಕೂವರೆ ಗಂಟೆ. ಮಂಡ್ಯದಲ್ಲಿರುವುದು ಹಳೆಯ 100 ಎಂಬಿಪಿಎಸ್ ಸ್ವಿಚ್. ಅಲ್ಲಿ 45 ಗಂಟೆ ದಾಟುತ್ತದೆ. ಮಲ್ಟಿಕಾಸ್ಟ್ (ಒಂದೇ ಸಲಕ್ಕೆ ಎಲ್ಲ ಮೆಷಿನ್ನಿಗೂ ಕಳಿಸುವುದು) ಹಾಕಿದರೆ ಎಲ್ಲರಿಗಿಂತ ನಿಧಾನದ ಮೆಷಿನ್ನಿನ ವೇಗವೇ ಎಲ್ಲರ ವೇಗ. ಒಂದು ಪ್ಯಾಚ್ ಕಾರ್ಡ್ ಲೂಸ್ ಆದರೂ ಇಡೀ ಲ್ಯಾಬ್ ನಿಂತು ನೋಡುತ್ತದೆ. ಟೊರೆಂಟಿನಲ್ಲಿ ಅದೇ ಮಂಡ್ಯದ ಸ್ವಿಚ್ಚಿನ ಮೇಲೆ ಒಂದೂಕಾಲು ಗಂಟೆ. ಮೈಸೂರಿನ ಗಿಗಾಬಿಟ್ಟಿನಲ್ಲಿ ಹಾರ್ಡ್ ಡಿಸ್ಕ್ ಮೆಷಿನ್ನುಗಳೂ ಮುಕ್ಕಾಲು ಗಂಟೆಯೊಳಗೆ ಮುಗಿಸುತ್ತವೆ. ಅಲ್ಲಿ ತಡೆಯುವುದು ನೆಟ್‌ವರ್ಕ್ ಅಲ್ಲ, ಡಿಸ್ಕ್.

ಟ್ರ್ಯಾಕರಿಗೆ, ಅಂದರೆ ಫೈಲ್ ಯಾವ್ಯಾವ ಮೆಷಿನ್ನಿನ ಬಳಿ ಇದೆ ಎಂದು ಉಳಿದವಕ್ಕೆ ಹೇಳುವ ಪ್ರೋಗ್ರಾಮಿಗೆ, ದೊಡ್ಡ ಸರ್ವರ್ ಬೇಕು ಎನ್ನುವುದು ಭ್ರಮೆ. ಫೈಲಿನ ಒಂದು ಬೈಟೂ ಅದರ ಮೂಲಕ ಹೋಗುವುದಿಲ್ಲ. ಯುಡಿಪಿ (ಟಿಸಿಪಿಗಿಂತ ಹಗುರವಾದ ಸಂದೇಶ ವಿಧಾನ) ಅನೌನ್ಸ್, ಅಂದರೆ "ನಾನಿದ್ದೇನೆ" ಎಂದು ಟ್ರ್ಯಾಕರಿಗೆ ಹೇಳುವ ಸಂದೇಶ, 98 ಬೈಟು, ಉತ್ತರ 20 ಬೈಟು, ಜೊತೆಗೆ ಒಂದೊಂದು ಪೀರಿಗೆ (ಟೊರೆಂಟಿನಲ್ಲಿ ಸೇರಿರುವ ಮೆಷಿನ್) 6 ಬೈಟು. ಮೂಲೆಗೆ ಬಿದ್ದಿದ್ದ 2 ಜಿಬಿ ರ‍್ಯಾಮಿನ ಡೆಸ್ಕ್‌ಟಾಪ್ ಸಾಕಾಯಿತು. ಸುಮ್ಮನೆ ನೋಡೋಣವೆಂದು ಓಪನ್‌ಡಬ್ಲ್ಯುಆರ್‌ಟಿ ಎಂಬ ಪುಟ್ಟ ಲಿನಕ್ಸ್ ಹಾಕಿದ ವೈಫೈ ರೌಟರಿನಲ್ಲೂ ಓಡಿಸಿದೆ, ಉಸಿರೆತ್ತದೆ ಓಡಿತು.

ಟ್ರ್ಯಾಕರಾಗಿ ಬಳಸಿದ್ದು ಓಪನ್‌ಟ್ರ್ಯಾಕರ್. ಮೊದಲು ಲಿಬ್‌ಓಫ್ಯಾಟ್ ಎಂಬ ಲೈಬ್ರರಿ ಕಟ್ಟಿಕೊಳ್ಳಬೇಕು. ಮೇಕ್‌ಫೈಲಿನಲ್ಲಿ ವೈಟ್‌ಲಿಸ್ಟಿನ (ಒಪ್ಪಿದ ಟೊರೆಂಟುಗಳ ಪಟ್ಟಿ) ಸಾಲಿನ ಮುಂದಿರುವ # ಗುರುತು ತೆಗೆದು ಕಂಪೈಲ್ ಮಾಡಿ. ಇಲ್ಲದಿದ್ದರೆ ಪಬ್ಲಿಕ್ ಐಪಿಯ ಟ್ರ್ಯಾಕರಿಗೆ ಊರವರ ಟೊರೆಂಟೆಲ್ಲ ಬಂದು ಕೂರುತ್ತದೆ. ಪಟ್ಟಿಯಲ್ಲಿ ಸಾಲಿಗೊಂದು ಇನ್ಫೋಹ್ಯಾಷ್, ಅಂದರೆ ಟೊರೆಂಟಿನ ಗುರುತಿನ ಸಂಖ್ಯೆ. ಬದಲಿಸಿದ ಮೇಲೆ, ಮತ್ತೆ ಓದಿಕೋ ಎಂದು ಹೇಳುವ ಸಿಗ್ನಲ್ ಆದ ಸಿಗ್‌ಹಪ್ ಕಳಿಸಬೇಕು. ಅನೌನ್ಸ್ ಅಂತರ ಹೆಡರ್ ಫೈಲಿನಲ್ಲಿ 30 ನಿಮಿಷ ಇರುತ್ತದೆ, ಲ್ಯಾಬಿಗೆ ಅದು ತೀರಾ ಉದ್ದ. ಪೀರುಗಳ ಪಟ್ಟಿ ಇರುವುದು ರ‍್ಯಾಮಿನಲ್ಲಿ ಮಾತ್ರ, ಕರೆಂಟ್ ಹೋಗಿ ಬಂದರೆ ಖಾಲಿ. 5 ನಿಮಿಷಕ್ಕೆ ಇಳಿಸಿದರೆ ಅಷ್ಟರಲ್ಲೇ ಮತ್ತೆ ತುಂಬಿಕೊಳ್ಳುತ್ತದೆ. ಫೈರ್‌ವಾಲಿನಲ್ಲಿ ಟ್ರ್ಯಾಕರಿನ 6969 ಪೋರ್ಟನ್ನು ಟಿಸಿಪಿಗೆ ಮಾತ್ರ ತೆರೆದು ಯುಡಿಪಿ ಮರೆಯುವವರು ಬಹಳ. ಆಗ ಎರರ್ ಏನೂ ಬರುವುದಿಲ್ಲ. ಟೊರೆಂಟ್ ಕ್ಲೈಂಟ್ 15 ಸೆಕೆಂಡ್, 30, 60 ಎಂದು ಕಾಯುತ್ತಾ ಹೋಗುತ್ತದೆ ಅಷ್ಟೇ.

ಬಹುಮಂದಿ ಸೋಲುವುದು ಟ್ರ್ಯಾಕರನ್ನು ಹೊರಗಿನ ಬಾಡಿಗೆ ಸರ್ವರ್, ಅಂದರೆ ವಿಪಿಎಸ್‌ನಲ್ಲಿ ಮಾತ್ರ ಇಟ್ಟಾಗ. ಆ ಟ್ರ್ಯಾಕರಿಗೆ ಲ್ಯಾಬಿನ 40 ಮೆಷಿನ್ನುಗಳೂ ಒಂದೇ ಪಬ್ಲಿಕ್ ಐಪಿಯಾಗಿ ಕಾಣುತ್ತವೆ. ಪಕ್ಕದ ಟೇಬಲ್ಲಿನ ಮೆಷಿನ್ನನ್ನು ಹುಡುಕಿಕೊಂಡು ಪ್ಯಾಕೆಟ್ ರೌಟರಿಗೆ ಹೋಗುತ್ತದೆ, ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ. ಆದ್ದರಿಂದ ಪ್ರತಿ ಲ್ಯಾಬಿನೊಳಗೂ ಒಂದು ಟ್ರ್ಯಾಕರ್, ಮೂರಕ್ಕೂ ಒಂದೇ ಹೆಸರು. ಆ ಹೆಸರಿಗೆ ಆಯಾ ಲ್ಯಾಬಿನಲ್ಲಿ ಹೆಸರುಗಳಿಗೆ ಐಪಿ ಹೇಳುವ ಪ್ರೋಗ್ರಾಮ್ ಆದ ಡಿಎನ್‌ಎಸ್‌ಮಾಸ್ಕ್ ಸ್ಥಳೀಯ ಐಪಿ ಕೊಡುತ್ತದೆ, ಹಾಗಾಗಿ ಒಂದೇ ಟೊರೆಂಟ್ ಫೈಲ್ ಮೂರೂ ಕಡೆ ನಡೆಯುತ್ತದೆ. ಲ್ಯಾಬಿಗೊಂದು ಗೇಟ್‌ವೇ ಮೆಷಿನ್ನಿನಲ್ಲಿ (ಬೇರೆ ಲ್ಯಾಬುಗಳ ಜೊತೆ ಮಾತಾಡುವ ಮೆಷಿನ್) ಮಾತ್ರ, ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ಕ್ಲೈಂಟಿನ ಕಮಾಂಡ್ ಆದ ಟ್ರಾನ್ಸ್‌ಮಿಷನ್-ರಿಮೋಟಿನ ಟ್ರ್ಯಾಕರ್-ಆ್ಯಡ್ ಆಯ್ಕೆಯಿಂದ ವಿಪಿಎಸ್ ಟ್ರ್ಯಾಕರನ್ನೂ ಸೇರಿಸಿದೆ. ಅನೌನ್ಸ್ ವಿಳಾಸ ಟೊರೆಂಟ್ ಫೈಲಿನ ಇನ್ಫೋ ಭಾಗದ (ಹ್ಯಾಷ್ ಲೆಕ್ಕವಾಗುವುದು ಇದರಿಂದಲೇ) ಹೊರಗಿರುವುದರಿಂದ ಹ್ಯಾಷ್ ಬದಲಾಗದು. ಪ್ರೈವೇಟ್ ಗುರುತು (ಟ್ರ್ಯಾಕರ್ ಬಿಟ್ಟು ಬೇರೆಡೆ ಪೀರು ಹುಡುಕಬೇಡ ಎನ್ನುವುದು) ಒಳಗಿರುತ್ತದೆ. ಅದನ್ನು ಆಮೇಲೆ ಮುಟ್ಟಿದರೆ ಹ್ಯಾಷ್ ಬೇರೆ, ವೈಟ್‌ಲಿಸ್ಟ್ ಬಾಗಿಲು ಹಾಕುತ್ತದೆ.

ಪಿಇಎಕ್ಸ್ (ಪೀರುಗಳು ತಮಗೆ ಗೊತ್ತಿರುವ ವಿಳಾಸಗಳನ್ನು ಪರಸ್ಪರ ಹೇಳುವುದು) ಕಡ್ಡಾಯವಾಗಿ ಆಫ್. ಬಿಟ್ಟರೆ ಗೇಟ್‌ವೇ ತನಗೆ ಗೊತ್ತಿರುವ ಮೈಸೂರಿನ ವಿಳಾಸವನ್ನು ಮಂಡ್ಯದ ಮೆಷಿನ್ನುಗಳಿಗೆಲ್ಲ ಹೇಳಿಬಿಡುತ್ತದೆ. 40 ಮೆಷಿನ್ನೂ ಇಂಟರ್ನೆಟ್ ಲೈನಿಗೆ ಮುಗಿಬೀಳುತ್ತವೆ. ಡಿಎಚ್‌ಟಿಯೂ (ಟ್ರ್ಯಾಕರಿಲ್ಲದೆ ಪೀರು ಹುಡುಕುವ ವಿಧಾನ) ಆಫ್. ಲ್ಯಾನಿನಲ್ಲಿ ಯುಟಿಪಿ (ಯುಡಿಪಿ ಮೇಲೆ ಓಡುವ ಟೊರೆಂಟ್ ಸಾಗಣೆ, ಕೇಬಲ್ ಅಲ್ಲ) ಬೇಡ, ಸಿಪಿಯು ತಿನ್ನುತ್ತದೆ.

ಮೈಸೂರಿನಲ್ಲಿ ಸ್ಟ್ಯಾಟಿಕ್ ಐಪಿ ಇದೆ, ಟ್ರಾನ್ಸ್‌ಮಿಷನ್ನಿನ 51413 ಪೋರ್ಟ್ ಫಾರ್ವರ್ಡ್ ಆಗಿದೆ. ಮಂಡ್ಯ, ಮದ್ದೂರು ಎರಡೂ ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವುದು) ಹಿಂದೆ: ಮೈಸೂರಿಗೆ ಕರೆ ಮಾಡಬಲ್ಲವು, ಐಪಿವಿ4ನಲ್ಲಿ ಪರಸ್ಪರ ಮಾಡಲಾರವು. 50 ಎಂಬಿಪಿಎಸ್ ಅಪ್‌ಲೋಡಿನಲ್ಲಿ ಎರಡಕ್ಕೂ ಸೇರಿ ನಾಲ್ಕು ಗಂಟೆ ಚಿಲ್ಲರೆ, ರಾತ್ರಿ ಬಿಟ್ಟರೆ ಬೆಳಿಗ್ಗೆ ತಯಾರು.

ಇಮೇಜನ್ನು ಕಂಪ್ರೆಸ್ ಮಾಡಿ ಎಂದು ಸಲಹೆ ಕೊಟ್ಟವರಿದ್ದರು. ಬೇಡ. ಕಂಪ್ರೆಸ್ ಆದ ಫೈಲಿನಲ್ಲಿ ಒಂದು ಕಡೆ ಬದಲಾದರೆ ಅಲ್ಲಿಂದ ಮುಂದಿನದೆಲ್ಲ ಜರುಗುತ್ತದೆ. ಕಚ್ಚಾ ಇಮೇಜಿನಲ್ಲಿ ಬ್ಲಾಕುಗಳು ಇದ್ದ ಜಾಗದಲ್ಲೇ ಇರುತ್ತವೆ. ಹಳೆಯ ಫೈಲಿಗೆ ಹೊಸ ಟೊರೆಂಟಿನ ಹೆಸರು ಕೊಟ್ಟು ವೆರಿಫೈ ಒತ್ತಿದರೆ ಬದಲಾದ ತುಂಡುಗಳಷ್ಟೇ ಇಳಿಯುತ್ತವೆ. ಕಳೆದ ಅಪ್‌ಡೇಟಿನಲ್ಲಿ ಇಳಿದದ್ದು 3 ಜಿಬಿ ಇರಬಹುದು. ಇದಕ್ಕಾಗಿಯೇ ಮೇಕ್‌ಟೊರೆಂಟಿನಲ್ಲಿ ತುಂಡಿನ ಗಾತ್ರ 22 (2ರ 22ನೇ ಘಾತ), ಅಂದರೆ 4 ಎಂಬಿ, ಇಟ್ಟೆ; 11 ಸಾವಿರದಷ್ಟು ತುಂಡು, ಟೊರೆಂಟ್ ಫೈಲ್ 200 ಕೆಬಿ ಆಸುಪಾಸು. 256 ಕೆಬಿ ತುಂಡಾದರೆ ಆ ಫೈಲೇ ಮೂರೂವರೆ ಎಂಬಿ ಆಗುತ್ತದೆ.

ಇದೇ ಕೆಲಸದ ಸಾಫ್ಟ್‌ವೇರಿಗೆ ಒಬ್ಬ ವೆಂಡರ್ ಕೊಟ್ಟ ಕೊಟೇಶನ್ ಒಂದೂವರೆ ಲಕ್ಷ. ನನಗೆ ಬಿದ್ದ ಖರ್ಚು ವಿಪಿಎಸ್‌ಗೆ ತಿಂಗಳಿಗೆ ಐನೂರು ಚಿಲ್ಲರೆ, ಹೊಸ ಪ್ಯಾಚ್ ಕಾರ್ಡುಗಳಿಗೆ ಎರಡು ಸಾವಿರದ ಹತ್ತಿರ. ಇಳಿದ ಇಮೇಜನ್ನು ಮೆಷಿನ್ ತಾನೇ ಪಾರ್ಟಿಶನ್ನಿಗೆ ಬರೆದು, ಹೋಸ್ಟ್‌ನೇಮ್ ಬದಲಿಸಿಕೊಂಡು ರೀಬೂಟ್ ಆಗುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಸದ್ಯಕ್ಕೆ ಕೊಡುವುದಿಲ್ಲ. ಲ್ಯಾಬಿಗೆ ಬಂದು ಕಾಫಿ ಕೊಡಿಸಿದವರ ಜೊತೆ ಬೇಕಾದರೆ ಮಾತಾಡೋಣ.